ಜಪಾನಿನ ಉದ್ಯಮಿ ವೀಸಾ: ಅರ್ಜಿಯನ್ನು ಯಾರ ಕೈಗೆ ಒಪ್ಪಿಸಬೇಕು?

2025ರ ಅಕ್ಟೋಬರ್ 16ರಿಂದ ಜಪಾನಿನಲ್ಲಿ ಕಂಪನಿ ಕಟ್ಟಲು ಹೊರಡುವ ವಿದೇಶಿಯರಿಗೆ ನಿಯಮಗಳು ಒಮ್ಮೆಲೇ ಬಿಗಿಯಾದವು. ಅಲ್ಲಿಯವರೆಗೆ 50 ಲಕ್ಷ ಯೆನ್ ಬಂಡವಾಳ ತೋರಿಸಿದರೆ, ಇಲ್ಲವೇ ಇಬ್ಬರು ಪೂರ್ಣಾವಧಿ ನೌಕರರನ್ನು ಇಟ್ಟುಕೊಂಡರೆ ಸಾಕಿತ್ತು. ಈಗ 3 ಕೋಟಿ ಯೆನ್ ಬೇಕು. ಅದರ ಜೊತೆಗೆ ಜಪಾನೀಯರು, ಕಾಯಂ ನಿವಾಸಿಗಳು ಮುಂತಾದವರಲ್ಲಿ ಒಬ್ಬ ಪೂರ್ಣಾವಧಿ ನೌಕರರೂ ಬೇಕು. ಅರ್ಜಿದಾರರಿಗೋ ನೌಕರರಲ್ಲಿ ಒಬ್ಬರಿಗೋ ವ್ಯವಹಾರಕ್ಕೆ ಸಾಲುವಷ್ಟು ಜಪಾನಿ ಬರಬೇಕು. ಅರ್ಜಿದಾರರು 3 ವರ್ಷ ವ್ಯಾಪಾರ ನಡೆಸಿದ ಅನುಭವವನ್ನೋ ಸಂಬಂಧಪಟ್ಟ ಸ್ನಾತಕೋತ್ತರ ಪದವಿಯನ್ನೋ ತೋರಿಸಬೇಕು. ವಾಸದ ಮನೆಯನ್ನೇ ಕಚೇರಿಯೆಂದು ತೋರಿಸುವ ದಾರಿ ಬಹುಮಟ್ಟಿಗೆ ಮುಚ್ಚಿದೆ. ವ್ಯಾಪಾರ ಯೋಜನೆಯನ್ನು ಸರ್ಕಾರ ಗುರುತಿಸಿದ ತಜ್ಞರೊಬ್ಬರು ಓದಿ, ಇದು ನಡೆಯುವಂಥದ್ದು ಎಂದು ಬರೆದುಕೊಡಬೇಕು.

ಬಂಡವಾಳ ಆರು ಪಟ್ಟಾದದ್ದೇ ಎಲ್ಲೆಡೆ ಸುದ್ದಿಯಾಯಿತು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಕೊನೆಯ ಷರತ್ತು. ವಿದೇಶಿ ಉದ್ಯಮಿಯ ಅರ್ಜಿಯನ್ನು ನಡೆಸಿಕೊಡಲು ತಕ್ಕವರು ಯಾರು ಎಂಬ ವಾದ ಜಪಾನಿನಲ್ಲಿ ದಶಕಗಳಿಂದ ಇದೆ. ದಾಖಲೆ ಬರೆಯುವವರೇ, ವಕೀಲರೇ, ಲೆಕ್ಕ ಬಲ್ಲವರೇ, ಅಥವಾ ಯಾರೂ ಬೇಡವೇ? ಈ ಷರತ್ತು ಆ ವಾದವನ್ನು ಮತ್ತೆ ಎತ್ತಿದೆ. ಬೆಂಗಳೂರಿನಿಂದ ಟೋಕಿಯೋಗೆ ಕಂಪನಿ ಒಯ್ಯಲು ಯೋಚಿಸುತ್ತಿರುವವರಿಗೆ ಇದು ದುಡ್ಡಿನ ಪ್ರಶ್ನೆ, ಅದಕ್ಕಿಂತ ಹೆಚ್ಚಾಗಿ ನಾಲ್ಕೈದು ವರ್ಷಗಳ ಬದುಕಿನ ಪ್ರಶ್ನೆ.

ಬರೆದುಕೊಡುವವರ ಚರಿತ್ರೆ

1872ರಲ್ಲಿ ಮೇಜಿ ಸರ್ಕಾರ ನ್ಯಾಯಾಂಗದ ಕೆಲಸಗಳನ್ನು ಹಂಚುತ್ತ ಮೂರು ಬಗೆಯ ಸಹಾಯಕರನ್ನು ಗುರುತಿಸಿತು: ದಸ್ತಾವೇಜನ್ನು ಪ್ರಮಾಣೀಕರಿಸುವವರು, ಜನರ ಪರವಾಗಿ ಬರೆಯುವವರು, ಜನರ ಪರವಾಗಿ ಮಾತಾಡುವವರು. ಮಾತಾಡುವವರು ಮುಂದೆ ಬೆಂಗೋಶಿಗಳಾದರು, ಅಂದರೆ ವಕೀಲರು. ಬರೆಯುವವರ ಹೆಸರು ದೈಶೋನಿನ್. 1919ರಲ್ಲಿ ಬಂದ ಕಾನೂನು ಅವರಲ್ಲಿ ಕೋರ್ಟಿನ ಕಾಗದ ಬರೆಯುವವರನ್ನು ಬೇರ್ಪಡಿಸಿತು. ಇಂದು ಕಂಪನಿ ನೋಂದಣಿ, ಆಸ್ತಿ ನೋಂದಣಿ ಮಾಡಿಸುವ ಶಿಹೋಶೋಶಿಗಳ ಮೂಲ ಅದು. ಸರ್ಕಾರಿ ಕಚೇರಿಗಳ ಅರ್ಜಿ ಬರೆಯುವವರಿಗೆ ಮರುವರ್ಷ ಗೃಹ ಇಲಾಖೆ ನಿಯಮ ಮಾಡಿತು. ಯುದ್ಧ ಮುಗಿದ ಮೇಲೆ, 1951ರ ಫೆಬ್ರವರಿ 22ರಂದು, ಈ ಎರಡನೆಯವರ ವೃತ್ತಿಗೆ, ಅಂದರೆ ಗ್ಯೋಸೇಶೋಶಿಗೆ, ಅದರದೇ ಕಾನೂನು ಸಿಕ್ಕಿತು.

ನಮ್ಮ ಉಪನೋಂದಣಾಧಿಕಾರಿ ಕಚೇರಿಯ ಎದುರು ಕೂರುವ ಪತ್ರ ಬರಹಗಾರರಿಗೆ ರಾಷ್ಟ್ರಮಟ್ಟದ ಪರೀಕ್ಷೆ, ಸಂಘದ ಸದಸ್ಯತ್ವ, ಗುಟ್ಟು ಕಾಯುವ ಕಾನೂನಿನ ಹೊಣೆ, ತಪ್ಪಿದರೆ ಶಿಸ್ತುಕ್ರಮ ಇಷ್ಟನ್ನೂ ಕೊಟ್ಟು ಬೆಳೆಸಿದ್ದರೆ ಎಂಥ ವೃತ್ತಿಯಾಗುತ್ತಿತ್ತೋ ಗ್ಯೋಸೇಶೋಶಿ ಹೆಚ್ಚುಕಡಿಮೆ ಅಂಥದ್ದು. ದೇಶದಲ್ಲಿ ಅವರ ಸಂಖ್ಯೆ 50 ಸಾವಿರ ದಾಟಿದೆ.

ವೀಸಾ ಕೆಲಸ ಅವರ ಕೈಗೆ ಬಂದದ್ದು ತಡವಾಗಿ. ವಿದೇಶಿಯರು ತಮ್ಮ ಅರ್ಜಿಯನ್ನು ತಾವೇ ವಲಸೆ ಕಚೇರಿಗೆ ಬಂದು ಕೊಡಬೇಕೆಂಬುದು ಮೂಲ ನಿಯಮ. 1989ರಲ್ಲಿ, ತರಬೇತಿ ಪಡೆದು ಹೆಸರು ನೋಂದಾಯಿಸಿದ ಗ್ಯೋಸೇಶೋಶಿಗಳು ಅವರ ಬದಲಿಗೆ ಅರ್ಜಿ ತಲುಪಿಸಬಹುದೆಂದು ಸರ್ಕಾರ ಒಪ್ಪಿತು. ಅದೇ ವರ್ಷ ತಿದ್ದುಪಡಿಯಾಗಿ 1990ರ ಜೂನ್‌ನಲ್ಲಿ ಜಾರಿಗೆ ಬಂದ ವಲಸೆ ಕಾನೂನು ಹೂಡಿಕೆದಾರ-ವ್ಯವಸ್ಥಾಪಕರ ನಿವಾಸ ವರ್ಗಕ್ಕೆ ಸ್ಪಷ್ಟ ರೂಪ ಕೊಟ್ಟಿತು. 2015ರ ಏಪ್ರಿಲ್‌ನಲ್ಲಿ ಆ ವರ್ಗದ ಹೆಸರಿನಿಂದ ಹೂಡಿಕೆ ಎಂಬ ಮಾತು ಬಿದ್ದು ‘ವ್ಯವಹಾರ ನಿರ್ವಹಣೆ’ ಎಂದಾಯಿತು. ಬಂಡವಾಳ ವಿದೇಶದ್ದೇ ಆಗಿರಬೇಕೆಂಬ ಷರತ್ತೂ ಹೋಯಿತು. 2024ರ ಕೊನೆಗೆ ಈ ವರ್ಗದಲ್ಲಿ ಇದ್ದವರು 41 ಸಾವಿರಕ್ಕೂ ಹೆಚ್ಚು.

ಒಂದು ಅರ್ಜಿಯ ದಾರಿ

ವಾದಗಳಿಗೆ ಹೋಗುವ ಮೊದಲು ಕೆಲಸದ ಸ್ವರೂಪ ನೋಡಬೇಕು, ಏಕೆಂದರೆ ಗೊಂದಲದ ಬೇರು ಅಲ್ಲೇ ಇದೆ. ಬೆಂಗಳೂರಿನ ಉದ್ಯಮಿಯೊಬ್ಬರು ಜಪಾನಿಗೆ ಹೊರಡುತ್ತಾರೆ ಎಂದುಕೊಳ್ಳಿ. ಮೊದಲು ಕಂಪನಿಯ ನಿಬಂಧನೆಗಳನ್ನು ಬರೆಯಿಸಬೇಕು. ಅದನ್ನು ಗ್ಯೋಸೇಶೋಶಿ ಬರೆಯಬಹುದು. ಕಂಪನಿಯನ್ನು ನೋಂದಣಿ ಕಚೇರಿಯಲ್ಲಿ ದಾಖಲಿಸುವ ಅರ್ಜಿಗೆ ಮಾತ್ರ ಶಿಹೋಶೋಶಿಯೋ ವಕೀಲರೋ ಬೇಕು. ತೆರಿಗೆ ಕಚೇರಿಯ ವ್ಯವಹಾರ ಜೇರಿಶಿಗಳದ್ದು, ನೌಕರರ ವಿಮೆ ಷಾರೋಶಿಗಳದ್ದು. ಹೋಟೆಲು ತೆರೆಯುವುದಾದರೆ ಆರೋಗ್ಯ ಕೇಂದ್ರದ ಪರವಾನಗಿಗೆ ಮತ್ತೆ ಗ್ಯೋಸೇಶೋಶಿಯ ಬಳಿ ಬರಬೇಕು. ಇದೆಲ್ಲ ಜೋಡಿಸಿಟ್ಟ ಮೇಲೆ, ಈ ವ್ಯಕ್ತಿ ನಿವಾಸಕ್ಕೆ ಅರ್ಹ ಎನ್ನುವ ಪ್ರಮಾಣಪತ್ರಕ್ಕೆ ವಲಸೆ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಆ ಪತ್ರ ಕೈಗೆ ಬಂದ ಬಳಿಕವೇ ಬೆಂಗಳೂರಿನ ಜಪಾನ್ ಕಾನ್ಸುಲೇಟಿನ ವೀಸಾ.

ನಡುವೆ ಒಂದು ಗಂಟೂ ಇದೆ. ಬಂಡವಾಳ ಕಟ್ಟಲು ಬ್ಯಾಂಕ್ ಖಾತೆ ಬೇಕು, ಖಾತೆ ತೆರೆಯಲು ನಿವಾಸದ ಕಾರ್ಡು ಕೇಳುತ್ತಾರೆ, ಕಾರ್ಡು ಸಿಗಲು ಕಂಪನಿ ಇರಬೇಕು. ಇದನ್ನು ಬಿಚ್ಚಲೆಂದೇ 2015ರಲ್ಲಿ ನಾಲ್ಕು ತಿಂಗಳ ನಿವಾಸಾವಧಿ ತಂದರು. ಆದರೂ ಅಷ್ಟು ಕಡಿಮೆ ಅವಧಿಯ ಕಾರ್ಡು ಹಿಡಿದು ಬಂದವರಿಗೆ ಖಾತೆಯಾಗಲಿ ಬಾಡಿಗೆ ಕಚೇರಿಯಾಗಲಿ ಸುಲಭಕ್ಕೆ ಸಿಗುವುದಿಲ್ಲ. ಹಲವರು ಜಪಾನಿನಲ್ಲಿ ನೆಲೆಸಿರುವ ಸ್ನೇಹಿತರನ್ನೋ ಪಾಲುದಾರರನ್ನೋ ನೆಚ್ಚಿಕೊಳ್ಳುತ್ತಾರೆ.

ಪ್ರತಿ ವೃತ್ತಿಗೂ ಕಾನೂನು ಎಳೆದ ಗೆರೆ ಇದೆ. ಒಬ್ಬರ ಹೊಣೆ ಮುಗಿದು ಇನ್ನೊಬ್ಬರದು ಶುರುವಾಗುವ ಮೊದಲಿನ ಜಾಗದಲ್ಲಿ ಅರ್ಜಿದಾರರು ಒಬ್ಬರೇ ನಿಂತಿರುತ್ತಾರೆ. ಮುಂದಿನ ಎಲ್ಲ ವಾದಗಳನ್ನೂ ನಾನು ಈ ಜಾಗವನ್ನು ಗಮನದಲ್ಲಿಟ್ಟುಕೊಂಡೇ ಓದುತ್ತೇನೆ.

ಕಡತವೇ ಎಲ್ಲ ಎನ್ನುವ ಪಂಥ

ಗ್ಯೋಸೇಶೋಶಿಯೇ ಸಹಜ ಆಯ್ಕೆ ಎನ್ನುವವರ ವಾದ ಸರಳ ಮತ್ತು ಬಲವಾದದ್ದು. ವಲಸೆ ಅಧಿಕಾರಿ ಅರ್ಜಿದಾರರನ್ನು ಬಹುಪಾಲು ನೋಡುವುದೇ ಇಲ್ಲ, ಕಡತವನ್ನು ನೋಡುತ್ತಾರೆ. 3 ಕೋಟಿ ಯೆನ್ ಯಾವ ಖಾತೆಯಿಂದ ಯಾವ ಖಾತೆಗೆ ಬಂತು, ಆ ದುಡ್ಡು ಹೇಗೆ ಹುಟ್ಟಿತು, ಕಚೇರಿಯ ಬಾಡಿಗೆ ಕರಾರಿನಲ್ಲಿ ವಾಣಿಜ್ಯ ಬಳಕೆ ಎಂದಿದೆಯೇ, ಕರಾರು ಕಂಪನಿಯ ಹೆಸರಿನಲ್ಲಿದೆಯೇ: ಅರ್ಜಿಗಳು ಸೋಲುವುದು ಹೆಚ್ಚಾಗಿ ಇಂಥ ಕಡೆ. ದಿನವೂ ಇದೇ ಕೆಲಸ ಮಾಡುವವರ ಕಣ್ಣಿಗೆ ಬಿರುಕು ಮೊದಲೇ ಕಾಣುತ್ತದೆ. ಫೀಸೂ ವಕೀಲರದಕ್ಕಿಂತ ಸಾಮಾನ್ಯವಾಗಿ ಕಡಿಮೆ. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕೆಂದು ಕಾನೂನೇ ಹೇಳುತ್ತದೆ.

ಮೊದಲ ಅರ್ಜಿಗಳು ಏಕೆ ತಿರಸ್ಕೃತವಾಗುತ್ತವೆ ಎಂಬುದನ್ನು ಈ ಪಂಥ ಚೆನ್ನಾಗಿ ವಿವರಿಸುತ್ತದೆ. ಆದರೆ ಹೊರಗಿನವರಿಗೆ ಕಾಣದ ಒಂದು ಸಂಗತಿಯಿದೆ. ಗ್ಯೋಸೇಶೋಶಿ ಪರೀಕ್ಷೆಯಲ್ಲಿ ಸಂವಿಧಾನ, ಆಡಳಿತ ಕಾನೂನು, ನಾಗರಿಕ ಸಂಹಿತೆ, ವಾಣಿಜ್ಯ ಕಾನೂನು ಇವೆ. ವಲಸೆ ಕಾನೂನಿಗೆ ಅಲ್ಲಿ ಹೇಳಿಕೊಳ್ಳುವಂಥ ಸ್ಥಾನವಿಲ್ಲ. ಸರ್ಕಾರಿ ಸೇವೆಯಲ್ಲಿ 20 ವರ್ಷ ಆಡಳಿತದ ಕೆಲಸ ಮಾಡಿದವರು, ವಕೀಲರು, ಜೇರಿಶಿಗಳು ಪರೀಕ್ಷೆಯಿಲ್ಲದೆಯೂ ಈ ಬಿರುದು ಪಡೆಯಬಹುದು. ಹೀಗಾಗಿ ಅದೇ ಫಲಕದ ಹಿಂದೆ ನಿವೃತ್ತ ವಲಸೆ ಅಧಿಕಾರಿ ಇರಬಹುದು, ಜೀವಮಾನವೆಲ್ಲ ಕಾರು ನೋಂದಣಿ, ಕಟ್ಟಡ ಗುತ್ತಿಗೆಯ ಲೈಸೆನ್ಸುಗಳನ್ನೇ ಮಾಡಿಸಿದವರೂ ಇರಬಹುದು. ವಲಸೆ ಕಚೇರಿಗೆ ಅರ್ಜಿ ತಲುಪಿಸುವ ನೋಂದಣಿಯ ಗುರುತಿಗೆ ‘ಪಿಂಕ್ ಕಾರ್ಡ್’ ಎಂಬ ಬಳಕೆಯ ಹೆಸರಿದೆ. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ಕಾರ್ಡಿರುವುದು ಕನಿಷ್ಠ ಅರ್ಹತೆ. ಉದ್ಯಮಿ ವರ್ಗದ ಅರ್ಜಿಗಳನ್ನು ಎಷ್ಟು ನಡೆಸಿದ್ದಾರೆ, ಮೊದಲ ಅನುಮತಿ ಮಾತ್ರವಲ್ಲದೆ ನವೀಕರಣದವರೆಗೆ ಎಷ್ಟನ್ನು ದಾಟಿಸಿದ್ದಾರೆ ಎಂದು ಕೇಳಿಯೇ ತಿಳಿಯಬೇಕು.

ಅಧಿಕಾರಿಯ ವಿವೇಚನೆ ಮತ್ತು ವಕೀಲರ ವಾದ

ವಕೀಲರ ಪರವಾದ ಪಂಥ 1978ರ ಅಕ್ಟೋಬರ್ 4ರ ತೀರ್ಪಿನಿಂದ ಹೊರಡುತ್ತದೆ. ಇಂಗ್ಲಿಷ್ ಕಲಿಸುತ್ತಿದ್ದ ಅಮೆರಿಕನ್ ಪ್ರಜೆ ರೊನಾಲ್ಡ್ ಮೆಕ್ಲೀನ್ ವಿಯೆಟ್ನಾಂ ಯುದ್ಧದ ವಿರುದ್ಧದ ಪ್ರತಿಭಟನೆಗಳಲ್ಲಿ ಪಾಲ್ಗೊಂಡಿದ್ದರು. ಅವರ ನಿವಾಸಾವಧಿಯನ್ನು ಮುಂದುವರಿಸಲು ಸರ್ಕಾರ ಒಪ್ಪಲಿಲ್ಲ. ವಿದೇಶಿಯರಿಗೆ ನಿವಾಸವನ್ನು ಮುಂದುವರಿಸಿಕೊಳ್ಳುವ ಹಕ್ಕನ್ನು ಸಂವಿಧಾನ ಕೊಟ್ಟಿಲ್ಲ, ಸಚಿವರ ವಿವೇಚನೆ ವಿಶಾಲವಾದದ್ದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಇಂದಿಗೂ ಜಪಾನಿನ ವಲಸೆ ಕಾನೂನು ಆ ತೀರ್ಪಿನ ನೆರಳಿನಲ್ಲೇ ಇದೆ.

ಅದರ ಪರಿಣಾಮ ಉದ್ಯಮಿಗೂ ತಟ್ಟುತ್ತದೆ. ಬೇರೆ ಸರ್ಕಾರಿ ಆದೇಶಗಳ ವಿರುದ್ಧ ಆಡಳಿತಾತ್ಮಕ ಮೇಲ್ಮನವಿ ಸಲ್ಲಿಸಬಹುದು. ವಿಶೇಷ ತರಬೇತಿ ಪಡೆದ ಗ್ಯೋಸೇಶೋಶಿಗಳು ಅಂಥ ಮೇಲ್ಮನವಿ ನಡೆಸಬಹುದೆಂದು 2014ರಲ್ಲಿ ಕಾನೂನೂ ಆಯಿತು. ಆದರೆ ಮೇಲ್ಮನವಿಯ ಕಾನೂನು ವಿದೇಶಿಯರ ಪ್ರವೇಶ-ನಿರ್ಗಮನದ ಆದೇಶಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ತಿರಸ್ಕೃತರಾದವರಿಗೆ ಉಳಿಯುವುದು ಎರಡೇ ದಾರಿ. ವಲಸೆ ಕಚೇರಿಗೆ ಹೋಗಿ ಕಾರಣ ಕೇಳಿ ತಿಳಿದು ಮತ್ತೆ ಅರ್ಜಿ ಹಾಕುವುದು ಒಂದು, ಕೋರ್ಟಿಗೆ ಹೋಗುವುದು ಇನ್ನೊಂದು. ಕೋರ್ಟಿನಲ್ಲಿ ಇನ್ನೊಬ್ಬರ ಪರವಾಗಿ ವಾದಿಸಬಲ್ಲವರು ವಕೀಲರು ಮಾತ್ರ. ಹಾಗಿದ್ದ ಮೇಲೆ ಮೊದಲ ಅರ್ಜಿಯನ್ನೇ ಮುಂದೆ ನ್ಯಾಯಾಧೀಶರು ಓದಬಹುದಾದ ದಾಖಲೆಯಂತೆ ಕಟ್ಟಬೇಕು, ಅದನ್ನು ವಕೀಲರೇ ಕಟ್ಟಲಿ ಎಂಬುದು ಈ ಪಂಥದ ಸಾರ.

ಅವರು ಶಿಸ್ತಿನ ವಿಷಯವನ್ನೂ ಎತ್ತುತ್ತಾರೆ. ಗ್ಯೋಸೇಶೋಶಿಯನ್ನು ಶಿಕ್ಷಿಸುವ ಅಧಿಕಾರ ಪ್ರಾಂತದ ರಾಜ್ಯಪಾಲರಿಗಿದೆ. ವಕೀಲರಿಗೆ ಅವರದೇ ಸಂಘ. ಸರ್ಕಾರದ ವಿರುದ್ಧ ನಿಲ್ಲಬೇಕಾದವರು ಸರ್ಕಾರದ ಅಂಕೆಯಲ್ಲಿ ಇರಬಾರದು ಎಂಬ ತತ್ವ ಇಲ್ಲಿದೆ. ತತ್ವವನ್ನು ನಾನು ಒಪ್ಪುತ್ತೇನೆ. ವಾಸ್ತವದಲ್ಲಿ ಉದ್ಯಮಿಗಳು ವೀಸಾಕ್ಕಾಗಿ ಕೋರ್ಟು ಹತ್ತುವುದು ವಿರಳ. ತೀರ್ಪು ಬರುವ ಹೊತ್ತಿಗೆ ವ್ಯಾಪಾರ ಉಳಿದಿರುವುದಿಲ್ಲ. ವಕೀಲರ ಅಗತ್ಯ ನಿಜವಾಗಿ ಬೀಳುವುದು ಕೆಲವು ಸನ್ನಿವೇಶಗಳಲ್ಲಿ: ಹಿಂದೆ ತಿರಸ್ಕಾರವಾಗಿದ್ದರೆ, ಪಾಲುದಾರರ ನಡುವೆ ಜಗಳವಿದ್ದರೆ, ನಿವಾಸ ರದ್ದಾಗುವ ಭಯವಿದ್ದರೆ.

ವ್ಯಾಪಾರ ನಿಂತರೆ ತಾನೇ ವೀಸಾ

ಮೂರನೆಯ ಪಂಥ ಲೆಕ್ಕಿಗರದು ಮತ್ತು ವ್ಯಾಪಾರ ಸಲಹೆಗಾರರದು. ಮೊದಲ ಅನುಮತಿ ಬಹುಪಾಲು ಒಂದು ವರ್ಷಕ್ಕೆ ಸಿಗುತ್ತದೆ. ಮರುವರ್ಷ ಅಧಿಕಾರಿಯ ಮೇಜಿನ ಮೇಲೆ ಕಂಪನಿಯ ಆಯವ್ಯಯ ಪಟ್ಟಿ ಇರುತ್ತದೆ. ನಷ್ಟ ಬಂಡವಾಳವನ್ನೂ ನುಂಗಿದ್ದರೆ ವ್ಯಾಪಾರ ಚೇತರಿಸಿಕೊಳ್ಳುತ್ತದೆಂದು ಲೆಕ್ಕ ಪರಿಶೋಧಕರೋ ಸಣ್ಣ ಉದ್ಯಮಗಳ ಸಲಹೆಗಾರರೋ ಬರೆದುಕೊಡಬೇಕೆಂಬ ಪದ್ಧತಿ ಮೊದಲಿಂದಲೂ ಇತ್ತು. 2025ರ ನಿಯಮ ಆ ಪರಿಶೀಲನೆಯನ್ನು ಬಾಗಿಲಿಗೇ ತಂದಿತು. ಪ್ರಮಾಣೀಕೃತ ಲೆಕ್ಕ ಪರಿಶೋಧಕರು, ಜೇರಿಶಿಗಳು, ಸಣ್ಣ-ಮಧ್ಯಮ ಉದ್ಯಮ ಸಲಹೆಗಾರರು ಯೋಜನೆಯನ್ನು ನೋಡಿ ಒಪ್ಪಬಲ್ಲವರೆಂದು ಹೆಸರಿಸಿತು. ಮೂವತ್ತೈದು ವರ್ಷ ಈ ಕೆಲಸ ಮಾಡಿದ ಗ್ಯೋಸೇಶೋಶಿಗಳು ಆ ಪಟ್ಟಿಯಲ್ಲಿಲ್ಲ.

ಅನುಮತಿ ಸಿಕ್ಕ ಮೇಲೂ ಜನ ಏಕೆ ಹಿಂದಿರುಗಬೇಕಾಗುತ್ತದೆ ಎಂಬುದನ್ನು ಈ ಪಂಥದಷ್ಟು ಚೆನ್ನಾಗಿ ಬೇರಾವುದೂ ಹೇಳದು. ವೀಸಾಕ್ಕೆಂದು ಬರೆದ ಯೋಜನೆ ಒಂದು, ನಡೆಸುವ ವ್ಯಾಪಾರ ಇನ್ನೊಂದು ಆದಾಗ ನವೀಕರಣದ ಹೊತ್ತಿಗೆ ಎರಡೂ ಎದುರುಬದುರಾಗುತ್ತವೆ. ಹಳೆಯ ಅರ್ಜಿಗಳು ಇಲಾಖೆಯ ಬಳಿ ಉಳಿದೇ ಇರುತ್ತವೆ. ಮೊದಲ ವರ್ಷ ಇಷ್ಟು ಗಿರಾಕಿಗಳು ಬರುತ್ತಾರೆಂದು ಬರೆದುಕೊಟ್ಟವರು ಎರಡನೆಯ ವರ್ಷ ಉತ್ತರ ಕೊಡಲು ಜೊತೆಗಿರುತ್ತಾರೆಯೇ? ಈ ಪಂಥದ ಮಿತಿಯೂ ಸ್ಪಷ್ಟ. ಲೆಕ್ಕಿಗರಿಗೆ ಕಂಪನಿ ಗೊತ್ತು, ವಲಸೆ ಕಚೇರಿಯ ರೂಢಿ ಗೊತ್ತಿರುವುದಿಲ್ಲ. ಗ್ಯೋಸೇಶೋಶಿ ನೋಂದಣಿಯೂ ಇಲ್ಲದಿದ್ದರೆ ಫೀಸು ಪಡೆದು ವೀಸಾ ಅರ್ಜಿ ಬರೆಯುವುದೇ ಕಾನೂನುಬಾಹಿರ.

ತಾವೇ ಹೋಗುವವರು

ನಾಲ್ಕನೆಯದನ್ನು ಪಂಥ ಎನ್ನುವುದಕ್ಕಿಂತ ಒಂದು ಹಂಬಲ ಎನ್ನಬಹುದು. ಅರ್ಹತಾ ಪ್ರಮಾಣಪತ್ರದ ಅರ್ಜಿಗೆ ಸರ್ಕಾರ ಒಂದು ಯೆನ್ನೂ ಕೇಳುವುದಿಲ್ಲ. 2019ರಿಂದ ಆನ್‌ಲೈನ್ ಅರ್ಜಿಯೂ ಶುರುವಾಗಿದೆ. ವಿದೇಶಿ ಉದ್ಯಮಿಗಳಿಗೆ ತಯಾರಿಯ ಅವಧಿ ಕೊಡುವ ಸ್ಟಾರ್ಟಪ್ ವೀಸಾ 2015ರಲ್ಲಿ ವಿಶೇಷ ಆರ್ಥಿಕ ವಲಯಗಳಲ್ಲಿ ಆರಂಭವಾಯಿತು. ಮುಂಚೂಣಿಯಲ್ಲಿದ್ದದ್ದು ಫುಕುಓಕ ನಗರ. 2018ರ ಕೊನೆಗೆ ಉಳಿದ ಸ್ಥಳೀಯ ಸಂಸ್ಥೆಗಳಿಗೂ ದಾರಿ ತೆರೆಯಿತು. 2025ರಲ್ಲಿ ಅದರ ಅವಧಿ ಎರಡು ವರ್ಷದವರೆಗೆ ಹಿಗ್ಗಿತು. ಇಲ್ಲಿ ಯೋಜನೆಯನ್ನು ಓದಿ ತಿದ್ದುವವರು ನಗರಾಡಳಿತದವರೇ. ಜಪಾನಿನ ವ್ಯಾಪಾರ ಪ್ರೋತ್ಸಾಹ ಸಂಸ್ಥೆ ಜೆಟ್ರೋಗೆ ಬೆಂಗಳೂರಿನಲ್ಲೂ ಕಚೇರಿಯಿದೆ. ಹೂಡಿಕೆದಾರರಿಗೆ ಅದು ಉಚಿತ ಸಲಹೆ ಕೊಡುತ್ತದೆ, ಜಪಾನಿನಲ್ಲಿ ಕೆಲವು ವಾರ ಬಾಡಿಗೆಯಿಲ್ಲದ ತಾತ್ಕಾಲಿಕ ಕಚೇರಿಯನ್ನೂ ಒದಗಿಸುತ್ತದೆ.

ಜಪಾನಿ ಓದಿ ಬರೆಯಬಲ್ಲವರಿಗೆ, ತಂತ್ರಜ್ಞಾನದ ಉದ್ದಿಮೆಯವರಿಗೆ ಈ ದಾರಿ ನಿಜಕ್ಕೂ ಒಳ್ಳೆಯದು. ಹೋಟೆಲು, ಮಸಾಲೆ ಸಾಮಾನು, ಹಳೆ ಕಾರುಗಳ ರಫ್ತು ಮಾಡುವವರಿಗೆ ಸ್ಟಾರ್ಟಪ್ ಎಂಬ ಚೌಕಟ್ಟು ಸಲೀಸಾಗಿ ಒಗ್ಗುವುದಿಲ್ಲ. ದುಡ್ಡು ಕೊಟ್ಟು ಸಹಾಯ ಪಡೆಯಬೇಕಾದವರು ಬಹುತೇಕ ಅವರೇ.

ಏಜೆಂಟರೆಂಬ ಪಕ್ಕದ ಬಾಗಿಲು

ಈ ನಾಲ್ಕರಲ್ಲಿ ಯಾವುದಕ್ಕೂ ಸೇರದವರು ಏಜೆಂಟರು. ಇವರ ಬಗ್ಗೆ ನಾನು ತಟಸ್ಥನಾಗಿ ಬರೆಯಲಾರೆ. ಅರ್ಜಿದಾರರ ಭಾಷೆ ಆಡುತ್ತಾರೆ, ಊರಿನವರೆನ್ನುತ್ತಾರೆ, ವೀಸಾ ಗ್ಯಾರಂಟಿ ಎನ್ನುತ್ತಾರೆ. ಜಪಾನಿನಲ್ಲಿ ಯಾರೋ ಒಬ್ಬ ಗ್ಯೋಸೇಶೋಶಿಯ ಹೆಸರನ್ನು ಎರವಲು ಪಡೆದು ಕಡತ ಒಯ್ಯುವುದೂ ಉಂಟು. ಹೆಸರು ಎರವಲು ಕೊಡುವುದು ಶಿಸ್ತುಕ್ರಮಕ್ಕೆ ಒಳಗಾಗುವ ತಪ್ಪು. ಅರ್ಹತೆಯಿಲ್ಲದೆ ಫೀಸಿಗೆ ಅರ್ಜಿ ಬರೆದುಕೊಟ್ಟರೆ ಒಂದು ವರ್ಷದವರೆಗೆ ಸೆರೆ ಅಥವಾ 10 ಲಕ್ಷ ಯೆನ್‌ವರೆಗೆ ದಂಡ. ‘ನಾವು ಪಡೆದದ್ದು ಸದಸ್ಯತ್ವದ ಹಣ, ಸಲಹೆಯ ಹಣ, ಬರವಣಿಗೆಯದಲ್ಲ’ ಎಂದು ಜಾರಿಕೊಳ್ಳುವವರಿಗೆಂದೇ, ಯಾವ ಹೆಸರಿನಲ್ಲಿ ಪಡೆದರೂ ಅದು ಫೀಸೇ ಎಂದು ಸ್ಪಷ್ಟಪಡಿಸುವ ತಿದ್ದುಪಡಿ 2026ರ ಜನವರಿ 1ರಿಂದ ಜಾರಿಗೆ ಬಂದಿದೆ.

ಸಿಕ್ಕಿಬೀಳುವಾಗ ಮಾತ್ರ ಅರ್ಜಿದಾರರೇ ಮುಂದೆ ನಿಂತಿರುತ್ತಾರೆ. 2016ರ ತಿದ್ದುಪಡಿಯ ಪ್ರಕಾರ ಸುಳ್ಳು ದಾಖಲೆಯಿಂದ ನಿವಾಸ ಪಡೆಯುವುದು ಮೂರು ವರ್ಷದವರೆಗೆ ಸೆರೆಯಾಗಬಹುದಾದ ಅಪರಾಧ. ಸಹಿ ಅರ್ಜಿದಾರರದು, ಕಡತದಲ್ಲಿ ಏನಿದೆಯೆಂದು ಅವರು ಓದಿಯೂ ಇರುವುದಿಲ್ಲ. ಆದ್ದರಿಂದ ಯಾರನ್ನೇ ಆರಿಸಿದರೂ ಸಲ್ಲಿಸಿದ ಪ್ರತಿ ಹಾಳೆಯ ನಕಲನ್ನೂ ತಮ್ಮ ಭಾಷೆಯಲ್ಲಿ ಅದರ ಸಾರವನ್ನೂ ಕೇಳಿ ಪಡೆಯಬೇಕು. ಕೊಡಲು ಹಿಂಜರಿದರೆ ಅಲ್ಲಿಂದ ಎದ್ದು ಬರಬೇಕು. ‘ವೀಸಾ ಆಗದಿದ್ದರೆ ಪೂರ್ತಿ ಹಣ ವಾಪಸ್’ ಎನ್ನುವ ಮಾತನ್ನೂ ನಾನು ನೆಚ್ಚುವುದಿಲ್ಲ. ತಿರಸ್ಕಾರದಿಂದ ತನ್ನ ಜೇಬಿಗೆ ಕತ್ತರಿ ಬೀಳುವವರಿಗೆ ಸತ್ಯವನ್ನು ನಯವಾಗಿಸುವ ಆಸೆ ಹುಟ್ಟುತ್ತದೆ. ‘ಈ ವರ್ಷ ಬೇಡ, ನಿಮ್ಮ ವ್ಯಾಪಾರ ಇನ್ನೂ ಸಿದ್ಧವಾಗಿಲ್ಲ’ ಎಂದು ಹೇಳಿ ಕಳಿಸುವವರು ಸಿಕ್ಕರೆ ಅವರನ್ನು ಬಿಡಬಾರದು.

ಬೇರೆ ದೇಶಗಳು ಹಿಡಿದ ದಾರಿ

ಅಮೆರಿಕ ಈ ಕೆಲಸವನ್ನು ಹೆಚ್ಚುಕಡಿಮೆ ವಕೀಲರಿಗೇ ಮೀಸಲಿಟ್ಟಿದೆ. ಲಾಭದ ಉದ್ದೇಶವಿಲ್ಲದ ಸಂಸ್ಥೆಗಳ ಮಾನ್ಯತೆ ಪಡೆದ ಪ್ರತಿನಿಧಿಗಳಷ್ಟೇ ಅದಕ್ಕೆ ಅಪವಾದ. ಬ್ರಿಟನ್ 1999ರ ಕಾನೂನಿನ ಮೂಲಕ ವಕೀಲರಲ್ಲದ ಸಲಹೆಗಾರರಿಗೂ ನೋಂದಣಿ ಕಡ್ಡಾಯ ಮಾಡಿತು. ಆಸ್ಟ್ರೇಲಿಯಾ 1992ರಿಂದ ವಲಸೆ ಏಜೆಂಟರನ್ನು ನೋಂದಾಯಿಸುತ್ತಿದೆ. ಅಲ್ಲಿ ವಕೀಲರೂ ಏಜೆಂಟರಾಗಿ ಎರಡೆರಡು ನೋಂದಣಿ ಮಾಡಿಸಬೇಕಿತ್ತು, 2021ರಲ್ಲಿ ಅದು ನಿಂತಿತು. ಕೆನಡಾದ ಕಥೆ ಪಾಠದಂತಿದೆ. ಸಲಹೆಗಾರರನ್ನು ನಿಯಂತ್ರಿಸುವ ಸಂಸ್ಥೆಯನ್ನು 2011ರಲ್ಲಿ ಬದಲಾಯಿಸಬೇಕಾಯಿತು, 2021ರಲ್ಲಿ ಮತ್ತೆ ಕಾನೂನಿನ ಬಲವಿರುವ, ‘ಕಾಲೇಜು’ ಎಂಬ ಹೆಸರಿನ ನಿಯಂತ್ರಣ ಸಂಸ್ಥೆಯನ್ನು ಕಟ್ಟಬೇಕಾಯಿತು. ಜಪಾನಿನ ವಿಶೇಷವೆಂದರೆ ಅಲ್ಲಿ ವಲಸೆಗೆಂದೇ ಮೀಸಲಾದ ವೃತ್ತಿ ಹುಟ್ಟಲೇ ಇಲ್ಲ. ಹಳೆಯ ಬರಹಗಾರರ ವೃತ್ತಿಯೊಳಗೆ ವಲಸೆ ಒಂದು ಕೋಣೆಯಾಗಿ ಸೇರಿತು.

ಇತ್ಯರ್ಥವಾಗದೆ ಉಳಿದಿರುವುದು

2025ರ ಅಕ್ಟೋಬರ್ 16ಕ್ಕೆ ಮೊದಲು ಬಂದವರಿಗೆ ಮೂರು ವರ್ಷದ ಕಾಲಾವಕಾಶವಿದೆ. 2028ರ ಅಕ್ಟೋಬರ್ 16ರವರೆಗೆ ಹೊಸ ಮಟ್ಟ ಮುಟ್ಟದಿದ್ದರೂ ವ್ಯಾಪಾರದ ಸ್ಥಿತಿಯನ್ನು ನೋಡಿ ನವೀಕರಿಸಬಹುದು. 50 ಲಕ್ಷ ಯೆನ್ನಿನಲ್ಲಿ ಶುರುವಾದ ಸಾವಿರಾರು ಸಣ್ಣ ಅಂಗಡಿಗಳಿವೆ. ಜಪಾನಿನ ಊರೂರಲ್ಲಿ ನೇಪಾಳಿಗಳು ನಡೆಸುವ ‘ಭಾರತೀಯ’ ಊಟದ ಹೋಟೆಲುಗಳು ಬಹುಪಾಲು ಇದೇ ಗುಂಪಿನವು. ತೆರಿಗೆ ಕಟ್ಟಿ, ನೌಕರರನ್ನು ಸಾಕಿ, ನೆರೆಯವರ ವಿಶ್ವಾಸ ಗಳಿಸಿದ ಹೋಟೆಲನ್ನು 3 ಕೋಟಿ ಬಂಡವಾಳವಿಲ್ಲವೆಂದು ಮುಚ್ಚಿಸುವುದು ನ್ಯಾಯವೇ? ಅವರ ಕಡತ ಹಿಡಿದು ನಿಲ್ಲುವ ಕೆಲಸ ಬರಹಗಾರರದೋ, ಲೆಕ್ಕಿಗರದೋ, ವಕೀಲರದೋ? ಯಾವ ಪಂಥದ ಬಳಿಯೂ ಇದಕ್ಕೆ ಸಿದ್ಧ ಉತ್ತರವಿಲ್ಲ.

ಗಡಿಯಾಚೆಗಿನ ಪ್ರಶ್ನೆ ಇನ್ನೂ ಕಠಿಣ. ಜಪಾನಿನ ಶಿಕ್ಷೆಯ ಕಾನೂನು ಜಪಾನಿನೊಳಗೆ ಕೆಲಸ ಮಾಡುತ್ತದೆ. ಭಾರತದ ನಗರವೊಂದರಲ್ಲಿ ಕೂತು ಫೀಸು ಪಡೆದು ಜಪಾನಿನ ಅರ್ಜಿ ತಯಾರಿಸುವವರನ್ನು ಅಲ್ಲಿನ ಪ್ರಾಂತದ ರಾಜ್ಯಪಾಲರು ಏನು ಮಾಡಬಲ್ಲರು? ವಿದೇಶಕ್ಕೆ ಕೂಲಿಕಾರರನ್ನು ಕಳಿಸುವ ಏಜೆಂಟರಿಗೆ ನಮ್ಮಲ್ಲಿ 1983ರ ವಲಸೆ ಕಾಯ್ದೆಯ ಲೈಸೆನ್ಸಿದೆ. ಅದು ನೌಕರಿಗೆ ಹೋಗುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು, ಸ್ವಂತ ಕಂಪನಿ ಕಟ್ಟಲು ಹೋಗುವವರನ್ನಲ್ಲ.

ಇನ್ನು ತಜ್ಞರ ಒಪ್ಪಿಗೆಯ ಷರತ್ತು. ಯೋಜನೆಯನ್ನು ನೋಡಿ ಒಪ್ಪುವ ಲೆಕ್ಕ ಪರಿಶೋಧಕರಿಗೆ ಫೀಸು ಕೊಡುವವರು ಅರ್ಜಿದಾರರೇ. ಬೇಡ ಎಂದ ತಜ್ಞರನ್ನು ಬಿಟ್ಟು ಸರಿ ಎನ್ನುವ ಇನ್ನೊಬ್ಬರ ಬಳಿ ಹೋಗಲು ತಡೆಯೇನೂ ಕಾಣುವುದಿಲ್ಲ. ಅವರು ಒಪ್ಪಿದ ವ್ಯಾಪಾರ ವರ್ಷದೊಳಗೆ ಬಿದ್ದರೆ ಅವರ ಹೊಣೆ ಎಷ್ಟು? ಅದೇ ಯೋಜನೆಯನ್ನು ಬರೆದ ಗ್ಯೋಸೇಶೋಶಿಯ ಹೊಣೆ ಎಷ್ಟು? ತಜ್ಞರ ಒಪ್ಪಿಗೆಗೆ ವಲಸೆ ಅಧಿಕಾರಿ ಎಷ್ಟು ತೂಕ ಕೊಡುತ್ತಾರೆ, ಅಥವಾ 1978ರ ವಿಶಾಲ ವಿವೇಚನೆ ಅದರ ಮೇಲೂ ನಡೆಯುತ್ತದೆಯೇ? ಹೊಸ ನಿಯಮದಡಿ ಬಂದವರ ಮೊದಲ ನವೀಕರಣಗಳು, ಅವುಗಳಲ್ಲಿ ಕೆಲವು ಕೋರ್ಟಿನವರೆಗೆ ಹೋದರೆ ಅಲ್ಲಿ ಬರುವ ತೀರ್ಪುಗಳು, ಇವಕ್ಕೆ ಉತ್ತರ ಕೊಡಬೇಕಾಗುತ್ತದೆ.